ಸೊಯಿಚಿರೊ ಹೋಂಡಾ

ಸೊಯಿಚಿರೊ ಹೋಂಡಾ (೧೭ ನವೆಂಬರ್ ೧೯೦೬ – ೫ ಆಗಸ್ಟ್ ೧೯೯೧) ಜಪಾನಿನ ಯಂತ್ರತಜ್ಞ, ಮೋಟಾರು ಪಂದ್ಯಗಳ ಸ್ಪರ್ಧಿ ಮತ್ತು ಹೋಂಡಾ ಮೋಟಾರ್ ಕಂಪನಿಯ ಸ್ಥಾಪಕ. ಕೈಗಾರಿಕೋದ್ಯಮಿಯೆಂದೇ ಅವರು ಜಗತ್ತಿಗೆ ಪರಿಚಿತರು. ಆದರೆ ಅವರ ಬದುಕಿನ ಮುಖ್ಯ ತಿರುವುಗಳಲ್ಲಿ ಹೆಚ್ಚಿನವು ಪಂದ್ಯದ ಹಾದಿಯ ಮೇಲೆಯೇ ಸಂಭವಿಸಿದವು. ಸ್ವತಃ ಕಾರು ಓಡಿಸಿ ಅಪಘಾತಕ್ಕೀಡಾದ ಅವರು, ಮುಂದೆ ತಮ್ಮ ಯಂತ್ರಗಳ ಮೂಲಕ ಮೋಟಾರ್ ಸೈಕಲ್ ವಿಶ್ವ ಚಾಂಪಿಯನ್‌ಷಿಪ್ ಹಾಗೂ ಫಾರ್ಮುಲಾ ಒನ್ ಕ್ಷೇತ್ರಗಳಿಗೆ ಜಪಾನನ್ನು ಕರೆತಂದರು.

ಬಾಲ್ಯ

ಹೋಂಡಾ ಹುಟ್ಟಿದ್ದು ಶಿಜುವೊಕಾ ಪ್ರಾಂತದ ಕೋಮ್ಯೊ ಎಂಬ ಹಳ್ಳಿಯಲ್ಲಿ. ಆ ಹಳ್ಳಿ ಈಗ ಹಮಾಮಾತ್ಸು ನಗರದಲ್ಲಿ ಸೇರಿಹೋಗಿದೆ. ತಂದೆ ಗಿಹೇ ಕಮ್ಮಾರರು, ಮುಂದೆ ಸೈಕಲ್ ರಿಪೇರಿಯನ್ನೂ ಮಾಡತೊಡಗಿದರು. ತಾಯಿ ಮಿಕಾ ನೇಯ್ಗೆ ಬಲ್ಲವರು. ಹುಡುಗನಿಗೆ ಶಾಲೆಯ ಪುಸ್ತಕಗಳಿಗಿಂತ ಕುಲುಮೆಯ ಬೆಂಕಿಯೇ ಹೆಚ್ಚು ಹಿತವಾಗಿತ್ತು. ೧೯೧೭ರಲ್ಲಿ ಆರ್ಟ್ ಸ್ಮಿತ್ ಎಂಬ ಅಮೆರಿಕದ ವೈಮಾನಿಕ ಹಮಾಮಾತ್ಸುವಿನಲ್ಲಿ ಪ್ರದರ್ಶನ ನೀಡಲು ಬಂದಾಗ, ಹತ್ತು ವರ್ಷದ ಸೊಯಿಚಿರೊ ಮನೆಯಲ್ಲಿ ಹೇಳದೆ ತಂದೆಯ ಸೈಕಲ್ ಏರಿ ಹೊರಟುಬಿಟ್ಟರು. ಸೀಟು ಎಟುಕದ ಕಾರಣ ಚೌಕಟ್ಟಿನ ನಡುವೆ ಕಾಲು ತೂರಿಸಿ ಪೆಡಲು ತುಳಿದರು. ನಮ್ಮ ಹಳ್ಳಿಗಳಲ್ಲಿ ಅಪ್ಪನ ಸೈಕಲ್ ಕಲಿತ ಹುಡುಗರಿಗೆಲ್ಲ ಈ ವಿದ್ಯೆ ಗೊತ್ತು. ಒಳಗೆ ಹೋಗಲು ಹಣ ಸಾಲದೆ ಪೈನ್ ಮರವೊಂದನ್ನು ಹತ್ತಿ ವಿಮಾನ ನೋಡಿದರು.

ಪಂದ್ಯದ ಮೊದಲ ಪಾಠ

೧೯೨೨ರಲ್ಲಿ ಶಾಲೆ ಮುಗಿಸಿದ ಹೋಂಡಾ, ಟೋಕಿಯೊದ ಆರ್ಟ್ ಶೋಕಾಯ್ ಎಂಬ ಕಾರು ರಿಪೇರಿ ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದರು. ಆರಂಭದ ತಿಂಗಳುಗಳಲ್ಲಿ ಅವರಿಗೆ ಸಿಕ್ಕ ಕೆಲಸವೆಂದರೆ ಮಾಲೀಕರ ಮಗುವನ್ನು ಎತ್ತಿಕೊಂಡು ಆಡಿಸುವುದು. ಮರುವರ್ಷದ ಸೆಪ್ಟೆಂಬರಿನ ಮಹಾಭೂಕಂಪದ ನಂತರ ಕೆಲಸಗಾರರು ಚದುರಿಹೋದಾಗ, ಉಳಿದ ಕೆಲವರಲ್ಲಿ ಒಬ್ಬರಾದ ಅವರಿಗೆ ನಿಜವಾದ ಕೆಲಸ ದೊರೆಯಿತು.

ಮಾಲೀಕರಾದ ಯೂಜೊ ಸಕಾಕಿಬಾರಾ ಅವರಿಗೆ ಪಂದ್ಯದ ಹುಚ್ಚಿತ್ತು. ಕರ್ಟಿಸ್ ವಿಮಾನದ ಹಳೆಯ ಎಂಜಿನನ್ನು ಮಿಚೆಲ್ ಎಂಬ ಅಮೆರಿಕದ ಕಾರಿನ ಚಾಸಿಗೆ ಜೋಡಿಸಿ ಅವರು ಪಂದ್ಯದ ಕಾರೊಂದನ್ನು ಸಿದ್ಧಪಡಿಸಿದರು. ೧೯೨೪ರ ನವೆಂಬರಿನಲ್ಲಿ ನಡೆದ ಸ್ಪರ್ಧೆಯಲ್ಲಿ ಮಾಲೀಕರ ತಮ್ಮ ಶಿನಿಚಿ ಆ ಕಾರನ್ನು ಓಡಿಸಿ ಗೆದ್ದರು. ಪಕ್ಕದಲ್ಲಿ ಮೆಕ್ಯಾನಿಕ್ ಆಗಿ ಕುಳಿತಿದ್ದವರು ಹದಿನೆಂಟರ ಹೋಂಡಾ. ೧೯೨೮ರಲ್ಲಿ ಗ್ಯಾರೇಜಿನ ಶಾಖೆ ತೆರೆಯುವ ಅನುಮತಿ ಪಡೆದು ಅವರು ಹಮಾಮಾತ್ಸುವಿಗೆ ಮರಳಿದರು.

೧೯೩೬ರ ಅಪಘಾತ

ಟೋಕಿಯೊ ಸಮೀಪ ತಾಮಾ ನದಿಯ ದಂಡೆಯಲ್ಲಿ ತಾಮಾಗಾವಾ ಪಂದ್ಯದ ಹಾದಿ ನಿರ್ಮಾಣವಾದಾಗ, ೭ ಜೂನ್ ೧೯೩೬ರಂದು ಅಲ್ಲಿ ಅಖಿಲ ಜಪಾನ್ ಮೋಟಾರು ಪಂದ್ಯ ಏರ್ಪಟ್ಟಿತು. ಫೋರ್ಡ್ ಎಂಜಿನ್ ಅಳವಡಿಸಿ ತಾವೇ ಕಟ್ಟಿದ 'ಹಮಾಮಾತ್ಸು' ಎಂಬ ಕಾರನ್ನು ಹೋಂಡಾ ಓಡಿಸಿದರು. ಮೆಕ್ಯಾನಿಕ್ ಸ್ಥಾನದಲ್ಲಿದ್ದವರು ತಮ್ಮ ಬೆಂಜಿರೊ. ವೇಗವಾಗಿ ಸಾಗುತ್ತಿದ್ದಾಗ, ರಿಪೇರಿಯ ಜಾಗದಿಂದ ಹಾದಿಗಿಳಿಯುತ್ತಿದ್ದ ಬೇರೊಂದು ಕಾರು ಅಡ್ಡ ಬಂದು ಡಿಕ್ಕಿಯಾಯಿತು. ಹೋಂಡಾ ಅವರ ಮುಖಕ್ಕೂ ಮಣಿಕಟ್ಟಿಗೂ ಪೆಟ್ಟಾಯಿತು. ಬೆಂಜಿರೊ ಅವರ ಬೆನ್ನುಮೂಳೆಗೆ ತೀವ್ರ ಗಾಯವಾಯಿತು.

ಇದರೊಂದಿಗೆ ಚಾಲಕರಾಗಿ ಅವರ ಪಂದ್ಯ ಜೀವನ ಬಹುಮಟ್ಟಿಗೆ ಕೊನೆಗೊಂಡಿತು. ಅಣ್ಣನ ಪಕ್ಕದಲ್ಲಿ ಕುಳಿತದ್ದಕ್ಕೆ ತಮ್ಮನು ಹೆಚ್ಚಿನ ಬೆಲೆ ತೆರಬೇಕಾಯಿತು ಎಂಬುದನ್ನು ಹೋಂಡಾ ಕುರಿತ ಜನಪ್ರಿಯ ಕಥನಗಳು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ.

ಪಿಸ್ಟನ್ ರಿಂಗಿನಿಂದ ಮೋಟಾರ್ ಸೈಕಲ್‌ಗೆ

ರಿಪೇರಿಯನ್ನು ಬಿಟ್ಟು ತಯಾರಿಕೆಗೆ ಇಳಿಯಬೇಕೆಂದು ನಿರ್ಧರಿಸಿದ ಹೋಂಡಾ ಪಿಸ್ಟನ್ ರಿಂಗುಗಳನ್ನು ಎರಕ ಹೊಯ್ಯಲು ತೊಡಗಿದರು. ಟೊಯೋಟಾ ಕಂಪನಿಯ ಪರೀಕ್ಷೆಗೆ ಒಪ್ಪಿಸಿದ ೫೦ ರಿಂಗುಗಳಲ್ಲಿ ತೇರ್ಗಡೆಯಾದವು ಮೂರೇ. ಕಾರಣ ತಿಳಿಯದೆ ಹಮಾಮಾತ್ಸುವಿನ ತಾಂತ್ರಿಕ ಕಾಲೇಜಿನ ಮೊರೆಹೊಕ್ಕಾಗ, ಲೋಹದಲ್ಲಿ ಸಿಲಿಕಾನ್ ಅಂಶ ಸಾಲದೆಂದು ಗೊತ್ತಾಯಿತು. ಮೂವತ್ತರ ಆಸುಪಾಸಿನ ಮಾಲೀಕ ಹುಡುಗರ ಜೊತೆ ಬೆಂಚಿನಲ್ಲಿ ಕುಳಿತು ಪಾಠ ಕೇಳಿದರು. ತಮಗೆ ಬೇಕಾದ್ದನ್ನಷ್ಟೇ ಕಲಿತು, ಪದವಿಪತ್ರ ಪಡೆಯದೆ ಹೊರಬಂದರು.

ಯುದ್ಧಕಾಲದ ಬಾಂಬ್ ದಾಳಿ ಹಾಗೂ ೧೯೪೫ರ ಜನವರಿಯ ಭೂಕಂಪಗಳಲ್ಲಿ ಕಾರ್ಖಾನೆ ಹಾಳಾಯಿತು. ಉಳಿದದ್ದನ್ನು ೪,೫೦,೦೦೦ ಯೆನ್‌ಗಳಿಗೆ ಟೊಯೋಟಾಗೆ ಮಾರಿ ಅವರು ಒಂದು ವರ್ಷ ಸುಮ್ಮನೆ ಕಳೆದರು. ೧೯೪೬ರಲ್ಲಿ, ಸೇನೆಯ ವೈರ್‌ಲೆಸ್ ಉಪಕರಣಗಳಿಗೆ ವಿದ್ಯುತ್ ಒದಗಿಸುತ್ತಿದ್ದ ಚಿಕ್ಕ ಎಂಜಿನುಗಳನ್ನು ಸೈಕಲ್ಲಿಗೆ ಕಟ್ಟುವ ಉಪಾಯ ಹೊಳೆಯಿತು. ೨೪ ಸೆಪ್ಟೆಂಬರ್ ೧೯೪೮ರಂದು ಹೋಂಡಾ ಮೋಟಾರ್ ಕಂಪನಿ ಸ್ಥಾಪನೆಯಾಯಿತು. ಮರುವರ್ಷ ಜೊತೆಗೂಡಿದ ತಾಕಿಯೊ ಫುಜಿಸಾವಾ ಹಣಕಾಸು ಮತ್ತು ಮಾರಾಟವನ್ನು ಪೂರ್ತಿಯಾಗಿ ವಹಿಸಿಕೊಂಡರು. ಈ ಸಹಭಾಗಿತ್ವವಿಲ್ಲದಿದ್ದರೆ ಹೋಂಡಾ ಒಬ್ಬ ಪ್ರತಿಭಾವಂತ ಮೆಕ್ಯಾನಿಕ್ ಆಗಿಯೇ ಉಳಿಯುತ್ತಿದ್ದರೆಂದರೆ ಅತಿಶಯೋಕ್ತಿಯಾಗದು.

ಐಲ್ ಆಫ್ ಮ್ಯಾನ್

೧೯೫೪ರಲ್ಲಿ ಕಂಪನಿ ಹಣದ ಮುಗ್ಗಟ್ಟಿಗೆ ಸಿಲುಕಿತ್ತು. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ, ಬ್ರಿಟನ್ನಿನ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದ ಟಿ.ಟಿ. ಮೋಟಾರ್ ಸೈಕಲ್ ಪಂದ್ಯದಲ್ಲಿ ತಾವು ಸ್ಪರ್ಧಿಸುವುದಾಗಿ ಹೋಂಡಾ ಪ್ರಕಟಿಸಿದರು. ಜೂನ್‌ನಲ್ಲಿ ದ್ವೀಪಕ್ಕೆ ಹೋಗಿ ನೋಡಿದಾಗ, ಜರ್ಮನಿಯ ಎನ್.ಎಸ್.ಯು. ಎಂಜಿನುಗಳು ಅದೇ ಗಾತ್ರದ ತಮ್ಮ ಎಂಜಿನಿಗಿಂತ ಸುಮಾರು ಮೂರು ಪಟ್ಟು ಶಕ್ತಿ ನೀಡುತ್ತಿದ್ದವು. ಯುರೋಪಿನಲ್ಲಿ ಸಿಕ್ಕಷ್ಟು ಬಿಡಿಭಾಗಗಳನ್ನು ಕೊಂಡು ಅವರು ಊರಿಗೆ ಮರಳಿದರು.

ಸಿದ್ಧತೆಗೆ ಐದು ವರ್ಷ ಹಿಡಿಯಿತು. ೧೯೫೯ರಲ್ಲಿ ೧೨೫ ಸಿ.ಸಿ. ವಿಭಾಗದಲ್ಲಿ ನವೋಮಿ ತಾನಿಗುಚಿ ಆರನೆಯವರಾದರು, ತಂಡದ ಬಹುಮಾನವೂ ಬಂದಿತು. ೧೯೬೧ರಲ್ಲಿ ಕುನಿಮಿತ್ಸು ತಕಾಹಾಶಿ ಪಶ್ಚಿಮ ಜರ್ಮನಿಯ ೨೫೦ ಸಿ.ಸಿ. ಸ್ಪರ್ಧೆಯನ್ನು ಗೆದ್ದು, ಮೋಟಾರ್ ಸೈಕಲ್ ಗ್ರ್ಯಾಂಡ್ ಪ್ರೀ ಗೆದ್ದ ಮೊದಲ ಜಪಾನೀಯನೆನಿಸಿದರು. ಅದೇ ವರ್ಷ ಟಿ.ಟಿ.ಯ ೧೨೫ ಹಾಗೂ ೨೫೦ ಸಿ.ಸಿ. ವಿಭಾಗಗಳೆರಡರಲ್ಲೂ ಮೊದಲ ಐದು ಸ್ಥಾನಗಳು ಹೋಂಡಾ ಬೈಕುಗಳಿಗೇ ದೊರೆತವು. ೧೯೬೬ರಲ್ಲಿ ೫೦ರಿಂದ ೫೦೦ ಸಿ.ಸಿ.ವರೆಗಿನ ಐದೂ ವಿಭಾಗಗಳ ತಯಾರಕರ ಪ್ರಶಸ್ತಿ ಹೋಂಡಾ ಪಾಲಾಯಿತು.

ಫಾರ್ಮುಲಾ ಒನ್ ಮತ್ತು ೧೯೬೮ರ ದುರಂತ

೧೯೬೨ರಲ್ಲಿ ಸುಜುಕಾ ಪಂದ್ಯದ ಹಾದಿಯನ್ನು ನಿರ್ಮಿಸಿದ ಕಂಪನಿ, ಮರುವರ್ಷ ಕಾರು ತಯಾರಿಕೆಗೆ ಇಳಿಯಿತು. ಆಗಸ್ಟ್ ೧೯೬೪ರಲ್ಲೇ ಹೋಂಡಾ ಕಾರು ಜರ್ಮನ್ ಗ್ರ್ಯಾಂಡ್ ಪ್ರೀಯಲ್ಲಿ ಕಾಣಿಸಿಕೊಂಡಿತು. ೨೪ ಅಕ್ಟೋಬರ್ ೧೯೬೫ರಂದು ಮೆಕ್ಸಿಕೊದಲ್ಲಿ ರಿಚೀ ಗಿಂಥರ್ ಅದಕ್ಕೆ ಮೊದಲ ಜಯ ತಂದರು. ೧೯೬೭ರಲ್ಲಿ ಜಾನ್ ಸರ್ಟೀಸ್ ಇಟಲಿಯಲ್ಲಿ ಗೆದ್ದರು.

ಈ ಹಂತದಲ್ಲಿ ಹೋಂಡಾ ಅವರ ಹಠವೇ ಅವರಿಗೆ ಎದುರಾಯಿತು. ಎಂಜಿನನ್ನು ತಣಿಸುವ ನೀರನ್ನೂ ಕೊನೆಗೆ ಗಾಳಿಯೇ ತಣಿಸಬೇಕಾದ್ದರಿಂದ ನೀರು ಅನಗತ್ಯ ಎಂಬುದು ಅವರ ದೃಢ ನಂಬಿಕೆ. ಅದರಂತೆ ಗಾಳಿಯಿಂದ ತಣಿಯುವ ಎಂಜಿನ್ ಹಾಗೂ ಮೆಗ್ನೀಷಿಯಂ ಕವಚದ ಆರ್.ಎ. ೩೦೨ ಕಾರು ಸಿದ್ಧವಾಯಿತು. ಅದು ಪಂದ್ಯಕ್ಕೆ ಇನ್ನೂ ಸಜ್ಜಾಗಿಲ್ಲವೆಂದು ಸರ್ಟೀಸ್ ಓಡಿಸಲು ಒಪ್ಪಲಿಲ್ಲ. ೭ ಜುಲೈ ೧೯೬೮ರಂದು ರೂವಾನಲ್ಲಿ ನಡೆದ ಫ್ರೆಂಚ್ ಗ್ರ್ಯಾಂಡ್ ಪ್ರೀಯಲ್ಲಿ ಫ್ರಾನ್ಸಿನ ಜೊ ಶ್ಲೆಸರ್ ಅದನ್ನು ಓಡಿಸಿದರು. ಮಳೆಯಿಂದ ಒದ್ದೆಯಾದ ಹಾದಿಯಲ್ಲಿ, ಆರಂಭದ ಸುತ್ತುಗಳಲ್ಲೇ ಕಾರು ದಿಬ್ಬಕ್ಕೆ ಬಡಿದು ಹೊತ್ತಿ ಉರಿಯಿತು. ಶ್ಲೆಸರ್ ಅಲ್ಲೇ ಮೃತಪಟ್ಟರು. ಅದೇ ಪಂದ್ಯದಲ್ಲಿ ಸರ್ಟೀಸ್, ನೀರಿನಿಂದ ತಣಿಯುವ ಹೋಂಡಾ ಕಾರಿನಲ್ಲಿ ಎರಡನೆಯವರಾದರು. ಆ ವರ್ಷದ ಕೊನೆಗೆ ಕಂಪನಿ ಫಾರ್ಮುಲಾ ಒನ್‌ನಿಂದ ಹಿಂದೆ ಸರಿಯಿತು.

ಇಷ್ಟಾದರೂ ಹೋಂಡಾ ಕೂಡಲೇ ಮಣಿಯಲಿಲ್ಲ. ಸಾಮಾನ್ಯ ಬಳಕೆಯ ೧೩೦೦ ಕಾರಿಗೂ ಗಾಳಿಯಿಂದ ತಣಿಯುವ ಎಂಜಿನನ್ನೇ ಹಾಕಿಸಿದರು. ಹೊಗೆಯ ನಿಯಂತ್ರಣ ಅದರಿಂದ ಸಾಧ್ಯವಿಲ್ಲವೆಂದು ಕಿರಿಯ ಎಂಜಿನಿಯರುಗಳು ವಾದಿಸಿದರು. ಅವರು ಅಧ್ಯಕ್ಷರಾಗಿ ಉಳಿಯುವರೋ ಎಂಜಿನಿಯರಾಗಿಯೋ ಎಂದು ಫುಜಿಸಾವಾ ನೇರವಾಗಿ ಕೇಳಿದ ಮೇಲೆ ಹೋಂಡಾ ಒಪ್ಪಿಕೊಂಡರು. ಆ ಕಿರಿಯರು ರೂಪಿಸಿದ ಸಿ.ವಿ.ಸಿ.ಸಿ. ಎಂಜಿನ್ ೧೯೭೨ರಲ್ಲಿ ಪ್ರಕಟವಾಗಿ, ಅಮೆರಿಕದ ಕಠಿಣ ಹೊಗೆ ನಿಯಮಗಳನ್ನು ಪೂರೈಸಿತು. ಅಮೆರಿಕದ ದೊಡ್ಡ ಕಂಪನಿಗಳನ್ನು ಹಿಂದಿಕ್ಕುವ ಅವಕಾಶವನ್ನು ಹೋಂಡಾ ಅದರಲ್ಲಿ ಕಂಡರೆ, ಯುವಕರು ಅದನ್ನು ಸಮಾಜದ ಹಿತಕ್ಕೆಂದು ಮಾಡಿದ್ದರು. ತಮ್ಮ ಕಾಲ ಮುಗಿಯಿತೆಂದು ಅವರಿಗೆ ಆಗ ಮನವರಿಕೆಯಾಯಿತು. ೧೯೭೩ರಲ್ಲಿ ಫುಜಿಸಾವಾ ಅವರೊಂದಿಗೆ ನಿವೃತ್ತರಾದರು. ಮಕ್ಕಳನ್ನು ಕಂಪನಿಗೆ ಸೇರಿಸಲಿಲ್ಲ.

ಭಾರತದಲ್ಲಿ

೧೯೮೪ರಲ್ಲಿ ಹೀರೋ ಹೋಂಡಾ ಮತ್ತು ಕೈನೆಟಿಕ್ ಹೋಂಡಾ ಕಂಪನಿಗಳ ಮೂಲಕ ಈ ಹೆಸರು ಭಾರತಕ್ಕೆ ಬಂದಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯಲ್ಲಿ ಹಾಲಿನ ಕ್ಯಾನು, ಮೇವಿನ ಹೊರೆ ಹೊರುವ ಬೈಕುಗಳ ಮೇಲೆ ಇದನ್ನು ಓದಿದವರು ಬಹುಮಂದಿ. ಅದೊಬ್ಬ ಮನುಷ್ಯನ ಹೆಸರೆಂದು ತಿಳಿದವರು ಕಡಿಮೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ೨೦೧೩ರಲ್ಲಿ ಆರಂಭವಾಯಿತು.

ಕೊನೆಯ ವರ್ಷಗಳು

ನಿವೃತ್ತಿಯ ನಂತರ ಹೋಂಡಾ ಜಪಾನಿನ ಉದ್ದಗಲಕ್ಕೂ ಸಂಚರಿಸಿ, ಕಾರ್ಖಾನೆಗಳ ಕೆಲಸಗಾರರನ್ನೂ ಮಾರಾಟಗಾರರನ್ನೂ ಕಂಡು ಕೃತಜ್ಞತೆ ಸಲ್ಲಿಸಿದರು. ೧೯೮೩ರಲ್ಲಿ ಕಂಪನಿ ಎಂಜಿನ್ ಪೂರೈಕೆದಾರನಾಗಿ ಫಾರ್ಮುಲಾ ಒನ್‌ಗೆ ಮರಳಿತು. ೧೯೮೭ರಲ್ಲಿ ಸತೋರು ನಕಾಜಿಮಾ ಲೋಟಸ್ ತಂಡದ ಹೋಂಡಾ ಎಂಜಿನಿನ ಕಾರಿನಲ್ಲಿ ಪೂರ್ಣಾವಧಿ ಸ್ಪರ್ಧಿಸಿದ ಮೊದಲ ಜಪಾನೀ ಚಾಲಕರಾದರು. ಮರುವರ್ಷ ಮೆಕ್ಲಾರೆನ್-ಹೋಂಡಾ ೧೬ ಪಂದ್ಯಗಳಲ್ಲಿ ೧೫ನ್ನು ಗೆದ್ದಿತು. ೧೯೮೯ರಲ್ಲಿ ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್‌ಗೆ ಹೋಂಡಾ ಸೇರ್ಪಡೆಯಾದರು. ಈ ಗೌರವ ಪಡೆದ ಮೊದಲ ಜಪಾನೀಯ ಅವರು.

೫ ಆಗಸ್ಟ್ ೧೯೯೧ರಂದು ಯಕೃತ್ತಿನ ವೈಫಲ್ಯದಿಂದ ಟೋಕಿಯೊದಲ್ಲಿ ನಿಧನರಾದರು. ರಸ್ತೆ ಸಂಚಾರಕ್ಕೆ ತೊಂದರೆಯಾದೀತೆಂದು ಕಂಪನಿಯ ವತಿಯಿಂದ ದೊಡ್ಡ ಅಂತ್ಯಕ್ರಿಯೆ ಬೇಡವೆಂದು ಅವರು ಮೊದಲೇ ತಿಳಿಸಿದ್ದರು. ಆರು ದಿನಗಳ ನಂತರ ನಡೆದ ಹಂಗೆರಿ ಗ್ರ್ಯಾಂಡ್ ಪ್ರೀಯನ್ನು ಐರ್ಟನ್ ಸೆನ್ನಾ, ತೋಳಿಗೆ ಕಪ್ಪು ಪಟ್ಟಿ ಧರಿಸಿ, ಹೋಂಡಾ ಎಂಜಿನಿನ ಕಾರಿನಲ್ಲಿ ಗೆದ್ದರು.