ಗುರುಗಳಿಗೆ ಗುರು: ಪಂಜೆ ಮಂಗೇಶರಾಯರು

ಇನ್‌ಸ್ಪೆಕ್ಟರರು ಬರುತ್ತಾರೆಂಬ ಸುದ್ದಿ ತಲುಪಿದರೆ ಸಾಕು, ಹಿಂದಿನ ಕಾಲದ ಹಳ್ಳಿಯ ಶಾಲೆಗಳಲ್ಲಿ ಉಪಾಧ್ಯಾಯರ ಎದೆ ನಡುಗುತ್ತಿತ್ತು. ಖಾಸಗಿ ಶಾಲೆಗೆ ಸರ್ಕಾರದ ಸಹಾಯಧನ ದೊರೆಯುವುದೂ ತಪ್ಪುವುದೂ ಅವರ ವರದಿಯನ್ನು ಅವಲಂಬಿಸಿತ್ತು. ಅದರಲ್ಲಿಯೂ ಎಳೆಯ ಮಕ್ಕಳ ತರಗತಿಗೆ ಹೊಸದಾಗಿ ಬಂದ, ತರಬೇತಿಯಿಲ್ಲದ ಉಪಾಧ್ಯಾಯನ ಪಾಡು ಹೇಳತೀರದು. ಅವನು ಬಲ್ಲ ಬೋಧನಕ್ರಮಗಳು ಎರಡೇ: ಬಾಯಿಪಾಠ ಮತ್ತು ಬೆತ್ತ. ಇಂತಹ ಕಾಲದಲ್ಲಿ ಇನ್‌ಸ್ಪೆಕ್ಟರರಾಗಿದ್ದೂ ಉಪಾಧ್ಯಾಯರಿಗೆ ಗೆಳೆಯರಾಗಿ ನಡೆದುಕೊಂಡವರು ಪಂಜೆ ಮಂಗೇಶರಾಯರು.

ಮಂಗೇಶರಾಯರು 1874ರ ಫೆಬ್ರವರಿ 22ರಂದು ದಕ್ಷಿಣ ಕನ್ನಡ ಜಿಲ್ಲೆಯ ಬಂಟವಾಳದಲ್ಲಿ ಜನಿಸಿದರು. ಬಡತನದಲ್ಲಿ ಬೆಳೆದು, ಕಷ್ಟಪಟ್ಟು ಓದಿ, 1896ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲಾ ಇನ್‌ಸ್ಪೆಕ್ಟರರಾಗಿ, ಉಪಾಧ್ಯಾಯರ ತರಬೇತಿ ಶಾಲೆಯ ಶಿಕ್ಷಕರಾಗಿ, ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ದುಡಿದರು.

ಶಾಲೆಗಳ ತನಿಖೆಗೆ ಹೋದಾಗ ಪಂಜೆಯವರು ತಪ್ಪುಗಳ ಪಟ್ಟಿ ಬರೆದು ಹಿಂದಿರುಗುವವರಾಗಿರಲಿಲ್ಲ. ಮಕ್ಕಳ ನಡುವೆ ನಿಂತು ಕಥೆ ಹೇಳುತ್ತಿದ್ದರು, ಹಾಡುತ್ತಿದ್ದರು, ಕುಣಿಯುತ್ತಿದ್ದರು. ಮೂಲೆಯಲ್ಲಿ ಕೈಕಟ್ಟಿ ನಿಂತ ಉಪಾಧ್ಯಾಯನಿಗೆ ಅದಕ್ಕಿಂತ ಬೇರೆ ಉಪದೇಶ ಬೇಕಾಗಿರಲಿಲ್ಲ. ಬೆದರಿಕೆಯಿಲ್ಲದೆಯೂ ಮಕ್ಕಳು ಕಲಿಯುತ್ತಾರೆಂಬುದನ್ನು ಅವನು ಕಣ್ಣಾರೆ ಕಾಣುತ್ತಿದ್ದನು.

ಆದರೆ ಇನ್‌ಸ್ಪೆಕ್ಟರರು ಹೊರಟುಹೋದ ಮರುದಿನ ಅವನು ಮಾಡುವುದೇನು? ಪಂಜೆಯವರ ಹಿರಿಮೆ ಇರುವುದು ಈ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರದಲ್ಲಿ. ಕನ್ನಡದಲ್ಲಿ ಎಳೆಯರಿಗೆ ತಕ್ಕ ಹಾಡು ಕಥೆಗಳು ಆಗ ವಿರಳವಾಗಿದ್ದವು. ಅವುಗಳನ್ನು ಅವರು ತಾವೇ ಬರೆದರು. ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿ ಮಕ್ಕಳ ಪುಸ್ತಕಗಳು ಹೊರಬರುವಂತೆ ಮಾಡಿದರು. ‘ನಾಗರ ಹಾವೆ’ ಎಂಬ ಹಾಡನ್ನು ಕಲಿಸಲು ಚಿತ್ರಪಟ ಬೇಕಿಲ್ಲ, ಸ್ಲೇಟೂ ಬೇಕಿಲ್ಲ. ಕೈ ಮುಗಿದರೆ ಪ್ರಾರ್ಥನೆ, ಅಂಗೈ ಎತ್ತಿದರೆ ಹೆಡೆ! ಬಿಡಿಗಾಸಿನ ಖರ್ಚಿಲ್ಲದ ಈ ಪಾಠೋಪಕರಣವನ್ನು ಎಂತಹ ಬಡ ಶಾಲೆಯೂ ಇರಿಸಿಕೊಳ್ಳಬಹುದಾಗಿತ್ತು.

ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಆ ಸೀಮೆಯ ಎಷ್ಟೋ ಮಕ್ಕಳ ಮನೆಮಾತು ತುಳು, ಕೊಂಕಣಿ ಅಥವಾ ಕೊಡವ. ಕನ್ನಡವು ಅವರಿಗೆ ಶಾಲೆಯ ನುಡಿ. ಪಂಜೆಯವರ ಮನೆಮಾತೂ ಕೊಂಕಣಿಯೇ. ಅರಿಯದ ನುಡಿಯಲ್ಲಿ ಪ್ರಶ್ನೆ ಕೇಳಿದರೆ ಮಗು ಬೆದರಿ ಮೌನವಾಗುತ್ತದೆ. ಹಾಡಿದರೆ ಅರ್ಥ ತಿಳಿಯುವ ಮೊದಲೇ ತಾನೂ ದನಿಗೂಡಿಸುತ್ತದೆ. ಹೊಸ ಉಪಾಧ್ಯಾಯನಿಗೆ ಇದಕ್ಕಿಂತ ದೊಡ್ಡ ನೆರವು ಇನ್ನಾವುದು?

ತಮ್ಮ ಅನೇಕ ಕವನಗಳನ್ನು ಅವರು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಗುರುಗಳಿಗೇ ಗುರುವಾದವರು ತಮ್ಮನ್ನು ಶಿಷ್ಯನೆಂದು ಕರೆದುಕೊಂಡದ್ದು ಅವರ ಸ್ವಭಾವಕ್ಕೆ ಒಪ್ಪುವಂತಹುದೇ. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಅವರಿಗೆ ಸಂದಿತು.

ಪಂಜೆಯವರು ಮಕ್ಕಳ ಶಿಕ್ಷಣದಲ್ಲಿ ತೊಡಗಿದ್ದ ವರ್ಷಗಳಲ್ಲಿಯೇ, 1907ರಲ್ಲಿ, ದೂರದ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮರಿಯಾ ಮಾಂಟೆಸೊರಿಯವರು ಶಿಶುಗಳಿಗಾಗಿ ಶಾಲೆಯೊಂದನ್ನು ತೆರೆದರು. ಆಕೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಶಿಶುಶಿಕ್ಷಕರ ತರಬೇತಿಯನ್ನು ಆರಂಭಿಸಿದಾಗ ಪಂಜೆಯವರು ಇರಲಿಲ್ಲ. 1937ರಲ್ಲಿಯೇ ಅವರು ಕಾಲವಾಗಿದ್ದರು. ಅವರ ಹಾಡುಗಳು ಮಾತ್ರ ಕನ್ನಡ ಶಾಲೆಗಳ ಎಳೆಯರ ತರಗತಿಗಳಲ್ಲಿ ಕೇಳಿಬರುತ್ತಲೇ ಇದ್ದವು.