ವಾಸ್ತುಶಿಲ್ಪಿ ಪಾಲ್ ವಿಲಿಯಮ್ಸ್

ಹಣವೂ ಬಂಧುಬಲವೂ ಇದ್ದವರಿಗೆ ವಿದ್ಯೆಯು ಸುಲಭವಾಗಿ ದೊರೆಯುವುದು ಲೋಕದ ವಾಡಿಕೆ. ಇವೆರಡೂ ಇಲ್ಲದವರು ಹಗಲು ದುಡಿದು ರಾತ್ರಿ ಓದಿ ಮೇಲಕ್ಕೆ ಬಂದರೆ ಅಂಥವರ ಚರಿತ್ರೆಯು ಶಾಲೆಯ ಮಕ್ಕಳಿಗೆ ಬಹಳ ಪ್ರಯೋಜನಕರವಾದುದು. ನಮ್ಮ ಪಾಠಶಾಲೆಯಿಂದ ವರ್ಷವರ್ಷವೂ ತೇರ್ಗಡೆಯಾಗಿ ಹೋಗುವ ಹುಡುಗಿಯರಲ್ಲಿ ಕೆಲವರು ಕಾಲೇಜನ್ನು ಸೇರುವರು. ಕೆಲವರು ಮನೆಯ ಕಷ್ಟದ ದೆಸೆಯಿಂದ ಕೂಡಲೇ ಕೆಲಸಕ್ಕೆ ಹೋಗುವರು. ಈ ಎರಡನೆಯವರು ತಮ್ಮ ಓದು ಅಲ್ಲಿಗೇ ಮುಗಿಯಿತೆಂದು ವ್ಯಸನಪಡುವುದನ್ನು ನಾವು ಬಲ್ಲೆವು. ಮುಖ್ಯವಾಗಿ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು, ಅಮೇರಿಕಾ ದೇಶದ ಪ್ರಖ್ಯಾತ ವಾಸ್ತುಶಿಲ್ಪಿಯಾದ ಪಾಲ್ ರೆವಿಯರ್ ವಿಲಿಯಮ್ಸ್ ಎಂಬವರ ಜೀವನವೃತ್ತಾಂತವನ್ನು ಸಂಗ್ರಹವಾಗಿ ಇಲ್ಲಿ ಬರೆಯುತ್ತೇವೆ.

ಪಾಲ್ ವಿಲಿಯಮ್ಸರು 1894ನೆಯ ಇಸವಿ ಫೆಬ್ರವರಿ 18ನೆಯ ತಾರೀಖಿನಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನದ ಲಾಸ್ ಏಂಜಲಿಸ್ ಪಟ್ಟಣದಲ್ಲಿ ಜನಿಸಿದರು. ಅವರ ತಂದೆತಾಯಿಗಳು ಟೆನೆಸಿ ಸಂಸ್ಥಾನದ ಮೆಂಫಿಸ್ ಪಟ್ಟಣದಿಂದ ವಲಸೆ ಬಂದ ಕಪ್ಪುವರ್ಣದ ಜನರು. ಹೊಸ ಊರಿನಲ್ಲಿ ಅವರಿಗೆ ಬಹುಕಾಲ ಸುಖವಾಗಿ ಬಾಳುವ ಯೋಗವಿರಲಿಲ್ಲ. ಪಾಲನಿಗೆ ಎರಡು ವರ್ಷವಾಗಿದ್ದಾಗ ತಂದೆಯೂ, ನಾಲ್ಕು ವರ್ಷವಾಗಿದ್ದಾಗ ತಾಯಿಯೂ ಕ್ಷಯರೋಗದಿಂದ ತೀರಿಹೋದರು. ಅನಾಥರಾದ ಅಣ್ಣತಮ್ಮಂದಿರಿಬ್ಬರೂ ಬೇರೆಬೇರೆ ಮನೆಗಳ ಪಾಲಾದರು. ಪಾಲನನ್ನು ಸಾಕಿದ ತಾಯಿಯು ವಿವೇಕವಂತಳು. ಹುಡುಗನ ಕೈಯಲ್ಲಿ ಚಿತ್ರ ಬರೆಯುವ ಚಾತುರ್ಯವಿರುವುದನ್ನು ಕಂಡು ಆಕೆಯು ಅವನನ್ನು ಪ್ರೋತ್ಸಾಹಿಸಿ ಶಾಲೆಗೆ ಕಳುಹಿಸಿದಳು. ಹೆತ್ತವರಿಲ್ಲದ ಆ ಬಾಲಕನಿಗೆ ಈ ಒಬ್ಬ ತಾಯಿಯ ನಂಬಿಕೆಯೇ ಮೂಲಧನವಾಯಿತು.

ಪಾಲನು ಪಾಲಿಟೆಕ್ನಿಕ್ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ತಾನು ಕಟ್ಟಡಗಳನ್ನು ರಚಿಸುವ ವಾಸ್ತುಶಿಲ್ಪಿಯಾಗಬೇಕೆಂದು ನಿಶ್ಚಯಿಸಿದನು. ಈ ಆಸೆಯನ್ನು ಕೇಳಿದ ಉಪಾಧ್ಯಾಯರೊಬ್ಬರು ಅವನಿಗೆ ಅಧೈರ್ಯದ ಮಾತನ್ನೇ ಹೇಳಿದರು. ಬಿಳಿಯರು ಕಪ್ಪುವರ್ಣದವನಿಗೆ ಕೆಲಸ ಕೊಡುವುದಿಲ್ಲವೆಂದೂ, ಅವನ ಜನರಲ್ಲಿ ಮನೆ ಕಟ್ಟಿಸುವಷ್ಟು ಹಣವುಳ್ಳವರು ವಿರಳವೆಂದೂ, ಆದುದರಿಂದ ಆ ವೃತ್ತಿಯಿಂದ ಹೊಟ್ಟೆ ತುಂಬದೆಂದೂ ಅವರ ಅಭಿಪ್ರಾಯವಾಗಿತ್ತು. ಆ ಉಪಾಧ್ಯಾಯರು ಹೇಳಿದುದು ಆ ಕಾಲದ ಸ್ಥಿತಿಗೆ ಸುಳ್ಳಾಗಿರಲಿಲ್ಲ. ಅವರಿಗೆ ಹುಡುಗನ ಮೇಲೆ ದ್ವೇಷವಿತ್ತೆಂದೂ ನಾವು ಭಾವಿಸುವುದಿಲ್ಲ. ಆದರೆ ಹುಡುಗನಿಗೆ ಎಷ್ಟು ಸಾಮರ್ಥ್ಯವಿದೆಯೆಂಬುದನ್ನು ಅಳೆಯದೆ, ಅವನ ಮೈಬಣ್ಣವನ್ನು ಮಾತ್ರ ನೋಡಿ ಅವರು ತೀರ್ಪು ಹೇಳಿಬಿಟ್ಟರು. ಪಾಲನು ಬಹಳವಾಗಿ ನೊಂದುಕೊಂಡನು. ಬಣ್ಣದ ನಿಮಿತ್ತವಾಗಿ ಪ್ರಯತ್ನವನ್ನೇ ಬಿಟ್ಟರೆ ಸೋಲುವುದೇ ತನಗೆ ಅಭ್ಯಾಸವಾಗಿಬಿಡುವುದೆಂದು ಆಲೋಚಿಸಿ ತನ್ನ ನಿಶ್ಚಯದಲ್ಲಿ ದೃಢನಾಗಿ ನಿಂತನು.

ಶಾಲೆಯನ್ನು ಮುಗಿಸಿದ ಮೇಲೆ ಅವನು ಟೆಲಿಫೋನು ಡೈರೆಕ್ಟರಿಯನ್ನು ತೆರೆದು ಊರಿನ ವಾಸ್ತುಶಿಲ್ಪಿಗಳ ಹೆಸರುಗಳನ್ನು ಬರೆದುಕೊಂಡು ಒಂದೊಂದೇ ಆಫೀಸಿಗೆ ಹೋಗಿ ಕೆಲಸ ಕೇಳಿದನು. ಅನೇಕರು ಇಲ್ಲವೆಂದರು, ಕೆಲವರು ಮರುದಿನ ನೋಡೋಣವೆಂದರು. ಅವನು ಯಾರನ್ನೂ ಬೈಯದೆ, ಯಾರಲ್ಲಿ ಆಶೆಯುಂಟೋ ಅವರ ಹೆಸರನ್ನು ಗುರುತು ಮಾಡಿಕೊಂಡು ಮತ್ತೆ ಮತ್ತೆ ಹೋದನು. ಕಡೆಗೆ ಕೆಲವು ಕಡೆ ಸಂಬಳದ ಕೆಲಸ ಸಿಕ್ಕುವಂತಾದರೂ, ಅವನು ಅದನ್ನು ಬಿಟ್ಟು, ಸಂಬಳವಿಲ್ಲದೆ ಕಲಿಯಲು ಒಪ್ಪಿದ ಒಂದು ಉತ್ತಮ ಆಫೀಸನ್ನು ಆರಿಸಿಕೊಂಡನು. ಅಲ್ಲಿನವರು ಅವನ ಶ್ರದ್ಧೆಯನ್ನು ಮೆಚ್ಚಿ ತಾವಾಗಿಯೇ ವಾರಕ್ಕೆ ಇಷ್ಟೆಂದು ಸ್ವಲ್ಪ ಹಣವನ್ನು ಕೊಡತೊಡಗಿದರು. ಒಬ್ಬ ಯಜಮಾನರಲ್ಲಿ ಉದ್ಯಾನಗಳನ್ನೂ ಊರಿನ ವಿನ್ಯಾಸವನ್ನೂ, ರೆಜಿನಾಲ್ಡ್ ಜಾನ್ಸನ್ ಎಂಬವರಲ್ಲಿ ದೊಡ್ಡ ವಾಸದ ಮನೆಗಳನ್ನೂ, ಜಾನ್ ಆಸ್ಟಿನ್ ಎಂಬವರಲ್ಲಿ ಸಾರ್ವಜನಿಕ ಕಟ್ಟಡಗಳನ್ನೂ ಹೀಗೆ ಕ್ರಮವಾಗಿ ಕಲಿತುಕೊಂಡನು. ಒಂದು ಆಫೀಸಿನಲ್ಲಿ ಕಲಿಯಬಹುದಾದುದನ್ನು ಕಲಿತ ಮೇಲೆ, ತಾನು ಅರಿಯದ ವಿಷಯವು ಎಲ್ಲಿ ದೊರೆಯುವುದೋ ಅಲ್ಲಿಗೆ ಹೋಗುವುದು ಅವನ ಪದ್ಧತಿ.

ಹಗಲು ಹೀಗೆ ದುಡಿಯುತ್ತ, ರಾತ್ರಿ ಅವನು ಬೋಜಾರ್ ಪದ್ಧತಿಯ ಚಿತ್ರಶಾಲೆಯಲ್ಲಿ ವ್ಯಾಸಂಗ ಮಾಡಿದನು. ಈ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ಪಾರಿಸ್ ನಗರದ ಪ್ರಸಿದ್ಧ ಕಲಾಶಾಲೆಯಲ್ಲಿ ಕಲಿತುಬಂದ ಅಮೇರಿಕದ ವಾಸ್ತುಶಿಲ್ಪಿಗಳು 1894ರಲ್ಲಿ ಒಂದು ಸಂಘವನ್ನು ಕಟ್ಟಿಕೊಂಡು, ಕಾಲೇಜಿಗೆ ಹೋಗಲಾರದ ನಕ್ಷೆಗಾರರಿಗಾಗಿ ಒಂದು ವ್ಯವಸ್ಥೆಯನ್ನು ಮಾಡಿದ್ದರು. ನ್ಯೂಯಾರ್ಕಿನಲ್ಲಿ ಒಂದು ಪ್ರಶ್ನೆಯನ್ನು ಸಿದ್ಧಪಡಿಸುವರು: ಇಂಥ ಸ್ಥಳದಲ್ಲಿ ಇಷ್ಟು ಜನರಿಗೆ ಒಂದು ಪುಸ್ತಕಶಾಲೆ ಬೇಕು, ಅಥವಾ ಒಂದು ಸಭಾಮಂದಿರ ಬೇಕು, ಎಂಬಂತೆ. ಅದು ದೇಶದ ನಾನಾ ಊರುಗಳಲ್ಲಿದ್ದ ಚಿತ್ರಶಾಲೆಗಳಿಗೆ ಅಂಚೆಯಲ್ಲಿ ಹೋಗುವುದು. ವಿದ್ಯಾರ್ಥಿಯು ಗೊತ್ತಾದ ಕೆಲವು ಗಂಟೆಗಳೊಳಗೆ ಯಾರ ಸಹಾಯವೂ ಇಲ್ಲದೆ ತನ್ನ ಮೊದಲ ಕಲ್ಪನೆಯನ್ನು ಬರೆದುಕೊಡಬೇಕು. ಆಮೇಲೆ ವಾರಗಟ್ಟಲೆ ಶ್ರಮಪಟ್ಟು ಅದನ್ನೇ ಪೂರ್ಣಗೊಳಿಸಬೇಕು. ಮೊದಲ ಕಲ್ಪನೆಯನ್ನು ಬಿಟ್ಟು ಬೇರೊಂದನ್ನು ಹಿಡಿಯುವಂತಿಲ್ಲ. ಊರಿನ ಹಿರಿಯ ವಾಸ್ತುಶಿಲ್ಪಿಯೊಬ್ಬರು ಸಂಜೆ ಬಂದು ತಿದ್ದುವರು. ಮುಗಿದ ನಕ್ಷೆಗಳನ್ನು ಸುರುಳಿ ಸುತ್ತಿ ನ್ಯೂಯಾರ್ಕಿಗೆ ಕಳುಹಿಸಿದರೆ ಅಲ್ಲಿನ ಪಂಡಿತರು ಪರೀಕ್ಷಿಸಿ ದರ್ಜೆಗಳನ್ನೂ ಪದಕಗಳನ್ನೂ ಕೊಡುವರು. ಲಾಸ್ ಏಂಜಲಿಸಿಗೂ ನ್ಯೂಯಾರ್ಕಿಗೂ ನಡುವೆ ಎರಡು ಸಾವಿರ ಮೈಲಿಗಿಂತಲೂ ಹೆಚ್ಚಿನ ದೂರ. ಅಷ್ಟು ದೂರದಲ್ಲಿ ಕುಳಿತ ಪರೀಕ್ಷಕರ ಮುಂದೆ ನಕ್ಷೆ ಮಾತ್ರ ಇರುವುದು. ಅದನ್ನು ಬರೆದವನ ಮುಖವು ಅವರಿಗೆ ಕಾಣದು. ಪಾಲನಂಥವನಿಗೆ ಇದು ಎಷ್ಟು ದೊಡ್ಡ ಉಪಕಾರವೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. 1914ರಲ್ಲಿ ಅವನು ಪಸಾಡಿನಾ ನಗರದ ಒಂದು ಸ್ಪರ್ಧೆಯಲ್ಲಿ ಪ್ರಥಮ ಬಹುಮಾನವನ್ನು ಗಳಿಸಿದನು. ಬಳಿಕ 1916ರಿಂದ 1919ರ ವರೆಗೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಕಟ್ಟಡಗಳ ಇಂಜಿನಿಯರಿಂಗ್ ಶಾಸ್ತ್ರವನ್ನು ಅಭ್ಯಾಸಮಾಡಿದನು. 1917ರಲ್ಲಿ ಡೆಲ್ಲಾ ಮೇ ಗಿವೆನ್ಸ್ ಎಂಬಾಕೆಯನ್ನು ವಿವಾಹವಾದನು.

ಕಟ್ಟಡವು ಸರಿಯಿಲ್ಲದೆ ಕುಸಿದರೆ ಪ್ರಾಣಹಾನಿಯಾಗುವುದರಿಂದ, ಸರ್ಕಾರದ ಲೈಸೆನ್ಸು ಇಲ್ಲದವನು ತನ್ನನ್ನು ವಾಸ್ತುಶಿಲ್ಪಿಯೆಂದು ಕರೆದುಕೊಳ್ಳಕೂಡದೆಂದು ಕ್ಯಾಲಿಫೋರ್ನಿಯಾದಲ್ಲಿ 1901ರಿಂದ ಕಾನೂನಿತ್ತು. ಆಫೀಸುಗಳಲ್ಲಿ ದುಡಿದು ಅನುಭವ ಪಡೆದವರಿಗೂ ಆ ಕಾನೂನು ಬಾಗಿಲನ್ನು ತೆರೆದಿಟ್ಟಿತ್ತು. 1921ರಲ್ಲಿ ವಿಲಿಯಮ್ಸರು ಈ ಲೈಸೆನ್ಸನ್ನು ಪಡೆದರು. ಆಗ ಅವರ ವಯಸ್ಸು ಇಪ್ಪತ್ತೇಳು. 1923ರಲ್ಲಿ ಅಮೇರಿಕದ ವಾಸ್ತುಶಿಲ್ಪಿಗಳ ಮಹಾಸಂಸ್ಥೆಯು ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡಿತು. ಕಪ್ಪುವರ್ಣದವರಲ್ಲಿ ಈ ಗೌರವವನ್ನು ಪಡೆದವರಲ್ಲಿ ಅವರೇ ಮೊದಲಿಗರು.

ಸ್ವಂತ ಆಫೀಸನ್ನು ತೆರೆದ ಮೇಲೂ ಕಷ್ಟಗಳು ತೀರಲಿಲ್ಲ. ಬಂದ ಬಿಳಿಯರಲ್ಲಿ ಕೆಲವರು ಇವರ ಬಣ್ಣವನ್ನು ಕಂಡು ಹಿಂಜರಿಯುವರು. ಪಕ್ಕದಲ್ಲಿ ಕುಳಿತುಕೊಳ್ಳಲೂ ಅವರಿಗೆ ಸಂಕೋಚ. ಅದಕ್ಕಾಗಿ ವಿಲಿಯಮ್ಸರು ನಕ್ಷೆಯನ್ನು ತಲೆಕೆಳಗಾಗಿ ಬರೆಯುವುದನ್ನು ಸಾಧಿಸಿದರು. ಎದುರಿಗೆ ಕುಳಿತವನಿಗೆ ತನ್ನ ಮನೆಯು ಕಾಗದದ ಮೇಲೆ ನೆಟ್ಟಗೆ ಮೂಡಿಬರುವುದನ್ನು ನೋಡುನೋಡುತ್ತ ಅಳುಕು ಮರೆತುಹೋಗುವುದು. ಒಮ್ಮೆ ಕಾರ್ಡ್ ಎಂಬ ಮೋಟಾರುಗಳ ವ್ಯಾಪಾರಿಯು ದೊಡ್ಡ ಮನೆಯೊಂದಕ್ಕೆ ನಕ್ಷೆ ಬೇಕೆಂದು ಕೇಳಿದಾಗ ಇತರರು ವಾರಗಳ ಅವಧಿಯನ್ನು ಕೇಳಿದರು. ವಿಲಿಯಮ್ಸರು ಮರುದಿನ ಸಾಯಂಕಾಲ ನಾಲ್ಕು ಗಂಟೆಗೆ ತರುವೆನೆಂದು ಮಾತು ಕೊಟ್ಟು, ನಿದ್ರಾಹಾರಗಳನ್ನು ಬಿಟ್ಟು ಇಪ್ಪತ್ತೆರಡು ಗಂಟೆ ಕೆಲಸಮಾಡಿ, ಹೇಳಿದ ವೇಳೆಗೆ ಒಪ್ಪಿಸಿದರು. ಆ ಕೆಲಸವು ಅವರಿಗೇ ದೊರೆಯಿತು.

ಐವತ್ತು ವರ್ಷಗಳ ವೃತ್ತಿಯಲ್ಲಿ ಅವರು ಎರಡು ಸಾವಿರಕ್ಕೂ ಮೇಲ್ಪಟ್ಟು ಕಟ್ಟಡಗಳನ್ನು ವಿನ್ಯಾಸಗೊಳಿಸಿದರು. ಸಿನಿಮಾ ನಟರ ಭವ್ಯಗೃಹಗಳು, ಅಂಗಡಿಗಳು, ದೇವಾಲಯಗಳು, ಆಸ್ಪತ್ರೆಗಳು, ಬಡವರ ವಸತಿಗಳು ಇವೆಲ್ಲವೂ ಅವುಗಳಲ್ಲಿ ಸೇರಿವೆ. 1926ರಲ್ಲಿ ತಮ್ಮ ಜನರಿಗಾಗಿ ಕಟ್ಟಿದ ಯುವಕರ ಕ್ರೈಸ್ತ ಸಂಘದ ಮಂದಿರವೂ, 1949ರಲ್ಲಿ ಕಟ್ಟಿದ ಗೋಲ್ಡನ್ ಸ್ಟೇಟ್ ವಿಮಾ ಕಂಪೆನಿಯ ಕಟ್ಟಡವೂ ಲಾಸ್ ಏಂಜಲಿಸಿನಲ್ಲಿ ಹೆಸರಾದವು. 1945ರಲ್ಲಿಯೂ 1946ರಲ್ಲಿಯೂ ಸಾಮಾನ್ಯ ಜನರ ಚಿಕ್ಕ ಮನೆಗಳನ್ನು ಕುರಿತು ಎರಡು ಗ್ರಂಥಗಳನ್ನು ಪ್ರಕಟಿಸಿದರು. ತಂದೆತಾಯಿಗಳು ಬಿಟ್ಟುಬಂದಿದ್ದ ಮೆಂಫಿಸ್ ಪಟ್ಟಣದಲ್ಲಿ 1962ರಲ್ಲಿ ತೆರೆದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಗೆ ಪ್ರತಿಫಲವಿಲ್ಲದೆ ನಕ್ಷೆಯನ್ನು ಮಾಡಿಕೊಟ್ಟರು.

ಇಷ್ಟೆಲ್ಲ ಮನೆಗಳನ್ನು ರಚಿಸಿದವರಿಗೆ, ಅವುಗಳಲ್ಲಿ ಅನೇಕವು ನಿಂತಿದ್ದ ಬೀದಿಗಳಲ್ಲಿ ವಾಸಿಸುವ ಹಕ್ಕು ಬಹುಕಾಲ ಇರಲಿಲ್ಲ. ಕಪ್ಪುವರ್ಣದವರಿಗೆ ಮಾರಕೂಡದೆಂಬ ಷರತ್ತು ಆ ಆಸ್ತಿಗಳ ಕ್ರಯಪತ್ರಗಳಲ್ಲಿಯೇ ಇರುತ್ತಿತ್ತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ಅಮೇರಿಕದ ಪರಮೋಚ್ಚ ನ್ಯಾಯಾಲಯವು 1948ರಲ್ಲಿ ತೀರ್ಮಾನಿಸಿತು. ಅದಾದ ಮೇಲೆ, ತಮ್ಮ ಐವತ್ತೇಳನೆಯ ವರ್ಷದ ಸುಮಾರಿಗೆ, ವಿಲಿಯಮ್ಸರು ಲಾಫಾಯೆಟ್ ಸ್ಕ್ವೇರ್ ಎಂಬ ಬಡಾವಣೆಯಲ್ಲಿ ತಮಗಾಗಿ ಒಂದು ಮನೆಯನ್ನು ಕಟ್ಟಿಕೊಂಡರು. ನಿತ್ಯವೂ ಇಂಥ ಅವಮಾನವನ್ನು ನುಂಗಿಕೊಂಡು, ಕೈಯಲ್ಲಿದ್ದ ಕೆಲಸವನ್ನು ಕೆಡಿಸದೆ ನಡೆಸಿದ ಅವರ ತಾಳ್ಮೆಯು ಅವರ ಕಟ್ಟಡಗಳಿಗಿಂತಲೂ ದೊಡ್ಡದೆಂದು ನಮಗೆ ತೋರುತ್ತದೆ.

1957ರಲ್ಲಿ ಮಹಾಸಂಸ್ಥೆಯು ಅವರನ್ನು ಫೆಲೋ ಆಗಿ ಆರಿಸಿತು. 1973ರಲ್ಲಿ ವೃತ್ತಿಯಿಂದ ನಿವೃತ್ತರಾಗಿ, 1980ನೆಯ ಇಸವಿ ಜನವರಿ 23ನೆಯ ತಾರೀಖಿನಲ್ಲಿ ತಮ್ಮ ಎಂಬತ್ತೈದನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. ಅದೇ ಸಂಸ್ಥೆಯು ತನ್ನ ಅತ್ಯುನ್ನತವಾದ ಸುವರ್ಣಪದಕವನ್ನು 2017ರಲ್ಲಿ ಅವರ ಹೆಸರಿಗೆ ಅರ್ಪಿಸಿತು.

ವಿಲಿಯಮ್ಸರು ಹೋದ ದಾರಿಯನ್ನೇ ನಮ್ಮ ಹುಡುಗಿಯರು ಹಿಡಿಯಬೇಕೆಂದು ನಾವು ಹೇಳುವುದಿಲ್ಲ. ನಮ್ಮ ದೇಶದಲ್ಲಿ ವಾಸ್ತುಶಿಲ್ಪಿಯಾಗಬೇಕಾದರೆ ಐದು ವರ್ಷಗಳ ಕಾಲೇಜು ವ್ಯಾಸಂಗವನ್ನು ಮುಗಿಸಿ, 1972ರ ಕಾಯಿದೆಯಂತೆ ವಾಸ್ತುಶಿಲ್ಪಿಗಳ ಮಂಡಳಿಯಲ್ಲಿ ಹೆಸರನ್ನು ನೋಂದಾಯಿಸಿಕೊಳ್ಳಬೇಕು. ಆದರೆ ಸಂಬಳಕ್ಕಿಂತ ಕಲಿಯುವ ಅವಕಾಶವನ್ನು ಹೆಚ್ಚೆಂದು ಎಣಿಸುವುದು, ಒಂದು ಬಾಗಿಲು ಮುಚ್ಚಿದರೆ ಪಟ್ಟಿಯಲ್ಲಿನ ಮುಂದಿನ ಬಾಗಿಲನ್ನು ತಟ್ಟುವುದು, ದಿನದ ದುಡಿಮೆಯಾದ ಮೇಲೆಯೂ ಪುಸ್ತಕವನ್ನು ತೆರೆಯುವುದು, ಇವು ಯಾವ ವೃತ್ತಿಗಾದರೂ ಸಲ್ಲುವ ಗುಣಗಳು. ದೂರಶಿಕ್ಷಣದ ಮೂಲಕ ಪದವಿಯನ್ನು ಪಡೆಯುವ ಅನುಕೂಲವು ಅನೇಕ ವಿಷಯಗಳಲ್ಲಿ ನಮ್ಮವರಿಗೂ ಉಂಟು. ಕೆಲಸಕ್ಕೆ ಸೇರಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ಅದನ್ನು ಉಪಯೋಗಿಸಿಕೊಳ್ಳಲಿ.

ಉಪಾಧ್ಯಾಯಿನಿಯರಾದ ನಮಗೂ ಈ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯಿದೆ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತ ಬಡ ಹುಡುಗಿಯೊಬ್ಬಳು ತನ್ನ ದೊಡ್ಡ ಆಸೆಯನ್ನು ಅಂಜುತ್ತ ಹೇಳಿಕೊಂಡಾಗ, ಅವಳ ಮನೆಯ ಸ್ಥಿತಿಯನ್ನು ನೋಡಿ ಉತ್ತರ ಕೊಡುವುದು ಸುಲಭ. ಅವಳ ನೋಟ್ ಪುಸ್ತಕವನ್ನು ತೆರೆದು ನೋಡಿ ಉತ್ತರ ಕೊಡುವುದು ನಮ್ಮ ಕರ್ತವ್ಯ. ನಮ್ಮ ಶಾಲೆಯಲ್ಲಿ ಯಾವ ಮಗುವೂ ನಮ್ಮ ಮಾತಿನಿಂದ ಎದೆಗುಂದಿ ಹಿಂದಿರುಗದಿರಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.