ಭೂಮಿ ಬೀಳ್ತದೋ ಇಲ್ಲೋ: ಭಾಸ್ಕರಾಚಾರ್ಯರ ಕಥೆ

ಬೋರಗಾಂವದಂಥ ಗಡಿ ಊರಲ್ಲಿ ಭಾಸ್ಕರಾಚಾರ್ಯರು ಯಾರ ಕಡೆಯವರು ಅಂತ ಕೇಳಿದರೆ ಎರಡು ಉತ್ತರ ಬರ್ತಾವ. ಒಬ್ಬರು ನಮ್ಮ ವಿಜಯಪುರದವರು ಅಂತಾರೆ, ಇನ್ನೊಬ್ಬರು ಜಳಗಾಂವ ಜಿಲ್ಲೆ ಚಾಳೀಸಗಾಂವ ಹತ್ತಿರದ ಪಾಟಣದವರು ಅಂತಾರೆ. ಆಚಾರ್ಯರು ತಾವೇ ಬರೆದಿಟ್ಟದ್ದು ಇಷ್ಟೇ: ಹುಟ್ಟಿದ್ದು ಶಕ 1036, ಅಂದರೆ ಕ್ರಿ.ಶ. 1114, ಊರು ಸಹ್ಯಾದ್ರಿಯ ಆಸರೆಯಲ್ಲಿದ್ದ ವಿಜ್ಜಡವಿಡ, ತಂದೆ ಮಹೇಶ್ವರ, ಅವರೇ ಗುರು. ವಿಜ್ಜಡವಿಡ ಅನ್ನೋ ಹೆಸರು ವಿಜಾಪುರಕ್ಕೆ ಹತ್ತಿರ ಖರೆ, ಆದರ ಸಹ್ಯಾದ್ರಿ ವಿಜಾಪುರಕ್ಕೆ ಹತ್ತಿರ ಇಲ್ಲ. ಪಾಟಣದ 1207ರ ಶಾಸನದಲ್ಲಿ ಅವರ ಮಗ ಲಕ್ಷ್ಮೀಧರ, ಮೊಮ್ಮಗ ಚಂಗದೇವನ ಹೆಸರು ಅದಾವ. ಚಂಗದೇವ ಅಜ್ಜನ ಗ್ರಂಥಗಳನ್ನು ಕಲಿಸಲಿಕ್ಕೆ ಅಲ್ಲಿ ಮಠ ಕಟ್ಟಿಸಿದ. ಅಜ್ಜ ಅಲ್ಲೇ ಹುಟ್ಟಿದ ಅಂತ ಅದರಿಂದ ಸಾಬೀತಾಗೋದಿಲ್ಲ. ಈ ಜಗಳ ಇಲ್ಲಿಗೆ ಬಿಡೋಣ.

ನಮಗೆ ಬೇಕಾದದ್ದು ಬೇರೆ. ಭೂಮಿ ಆಕಾಶದಲ್ಲಿ ಯಾವ ಆಧಾರದ ಮೇಲೆ ನಿಂತದ, ನಿಂತದೋ ಓಡ್ತದೋ ಅನ್ನೋ ಪ್ರಶ್ನೆಗೆ ಅವರು ಕೊಟ್ಟ ಉತ್ತರ.

36ನೇ ವಯಸ್ಸಿಗೆ, 1150ರಲ್ಲಿ, ಅವರು ಸಿದ್ಧಾಂತಶಿರೋಮಣಿ ಬರೆದರು. ಅದಕ್ಕೆ ನಾಲ್ಕು ಭಾಗ: ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ. ಲೀಲಾವತಿ ಅವರ ಮಗಳು, ಅವಳ ಮದುವೆಯ ಮುಹೂರ್ತ ತಪ್ಪಿತು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಅದು ಬಹಳ ತಡವಾಗಿ ಪರ್ಷಿಯನ್ ಅನುವಾದದ ಜೊತೆ ಬಂದ ಕಥೆ. ನಮ್ಮ ಪ್ರಶ್ನೆಗೆ ಉತ್ತರ ಇರೋದು ಗೋಲಾಧ್ಯಾಯದಲ್ಲಿ.

ಭೂಮಿಯನ್ನು ಶೇಷನೋ ಆಮೆಯೋ ಹೊತ್ತದ ಅನ್ನೋ ಪುರಾಣದ ಮಾತನ್ನು ಅವರು ಒಪ್ಪಲಿಲ್ಲ. ಹೊತ್ತವರನ್ನು ಹೊರುವವರು ಯಾರು, ಅವರನ್ನು ಮತ್ಯಾರು? ಕೊನೆಗೊಬ್ಬರು ಸ್ವಂತ ಶಕ್ತಿಯಿಂದ ನಿಲ್ಲಲೇಬೇಕಾದರೆ ಅದು ಭೂಮಿಯೇ ಯಾಕಾಗಬಾರದು ಅನ್ನೋದು ಅವರ ವಾದ. ಭೂಮಿಗೆ ಎಳೆಯುವ ಗುಣ ಇದೆ, ಮೇಲಿನ ಭಾರವಾದ ವಸ್ತುವನ್ನು ತನ್ನತ್ತ ಸೆಳೀತದ, ಅದನ್ನೇ ನಾವು ಬೀಳೋದು ಅಂತೀವಿ. ಸುತ್ತಲೂ ಆಕಾಶ ಒಂದೇ ಸಮ ಇರುವಾಗ ಭೂಮಿ ತಾನು ಎಲ್ಲಿಗೆ ಬೀಳಬೇಕು?

ಇದನ್ನು ಹಿಡಿದು, ನ್ಯೂಟನ್‌ಗಿಂತ 500 ವರ್ಷ ಮೊದಲೇ ಗುರುತ್ವಾಕರ್ಷಣೆ ಕಂಡುಹಿಡಿದರು ಅಂತ ವಾಟ್ಸಾಪಿನಲ್ಲಿ ಓಡಾಡ್ತದ. ನಮ್ಮ ಮಟ್ಟಿಗೆ ಇದು ಆಚಾರ್ಯರಿಗೆ ಮಾಡುವ ಗೌರವ ಅಲ್ಲ. ಎಳೆತ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆ ಆಗ್ತದ, ಸೂರ್ಯ ಭೂಮಿಯನ್ನೂ ಎಳೀತಾನೆ ಅಂತ ಅವರು ಹೇಳಿಲ್ಲ. ಅವರ ಭೂಮಿ ಅಲುಗಾಡದೆ ನಿಂತ ಭೂಮಿ. ಭೂಮಿ ತಿರುಗ್ತದ ಅಂತ 499ರಲ್ಲೇ ಆರ್ಯಭಟ ಬರೆದಿದ್ದರೂ ಭಾಸ್ಕರರು ಬ್ರಹ್ಮಗುಪ್ತನ ದಾರಿ ಹಿಡಿದರು.

ಅವರ ಕಾಲದಲ್ಲಿ ಇದಕ್ಕೆ ಎದುರಾಗಿ ಬೌದ್ಧರ ಮತ ಒಂದಿತ್ತು: ಆಧಾರ ಇಲ್ಲದ ಭಾರವಾದ ಭೂಮಿ ಸದಾ ಕೆಳಗೆ ಬೀಳ್ತಾನೇ ಇದೆ. ಆಚಾರ್ಯರು ಇದನ್ನು ಹಾಸ್ಯ ಮಾಡಿದರು. ಮೇಲೆಸೆದ ಕಲ್ಲು ತಿರುಗಿ ನೆಲಕ್ಕೆ ಬರೋದನ್ನು ಕಂಡೂ ಹೀಗನ್ನಬಹುದೇ? ಭೂಮಿ ಕಲ್ಲಿಗಿಂತ ಭಾರ, ಜೋರಾಗಿ ಬೀಳಬೇಕು, ಕಲ್ಲು ಅದನ್ನು ಮುಟ್ಟಲೇಬಾರದು.

ಇಲ್ಲಿ ಅವರು ಎಡವಿದರು. ಭಾರವಾದದ್ದು ಜೋರಾಗಿ ಬೀಳ್ತದ ಅನ್ನೋದು ತಪ್ಪು. ಹಗ್ಗ ಹರಿದ ಲಿಫ್ಟಿನಲ್ಲಿ ಮನುಷ್ಯ, ಅವನ ಕೈಯ ಪೆನ್ನು, ಲಿಫ್ಟು ಎಲ್ಲಾ ಕೂಡಿ ಒಂದೇ ಸಮ ಬೀಳ್ತಾವ. ಹಂಗೇ ಭೂಮಿಯೂ ಕಲ್ಲೂ ಸೂರ್ಯನ ಕಡೆ ಒಂದೇ ಸಮ ಬೀಳ್ತಾವ. ಅದರ ಮೇಲೆ ಭೂಮಿಯ ಸ್ವಂತ ಎಳೆತ ಕಲ್ಲನ್ನು ವಾಪಸ್ ತರ್ತದ. ಬೌದ್ಧರು ಹೇಳಿದ ದಿಕ್ಕು ಸರಿ ಇರಲಿಲ್ಲ, ಆದರ ಭೂಮಿ ಬೀಳ್ತಾ ಇರೋದು ಖರೆ. ಲೆಕ್ಕ ನೋಡ್ರಿ: ಒಂದು ಸೆಕೆಂಡಿನಲ್ಲಿ ಭೂಮಿ ಸುಮಾರು 30 ಕಿ.ಮೀ. ಅಡ್ಡಕ್ಕೆ ಓಡ್ತದ, ಅಷ್ಟರಲ್ಲಿ ಸೂರ್ಯನತ್ತ ಬೀಳೋದು ಬರೇ 3 ಮಿಲಿಮೀಟರ್. ಅಡ್ಡ ಓಟ ಅಷ್ಟಿರೋದರಿಂದ ಬೀಳುವಿಕೆ ಸುತ್ತಾಟ ಆಗ್ತದ.

ಅಡ್ಡಕ್ಕೆ ದೂಡಿದವರು ಯಾರು? ಸುಮಾರು 460 ಕೋಟಿ ವರ್ಷದ ಹಿಂದೆ ಸೂರ್ಯ, ಭೂಮಿ ಎರಡೂ ಹುಟ್ಟಿದ ಅನಿಲ-ಧೂಳಿನ ಮೋಡವೇ ತಿರುಗ್ತಿತ್ತು. ಆ ವೇಗ ಉಳಿದುಕೊಂಡದ, ತಡೆಯಲಿಕ್ಕೆ ಅಲ್ಲಿ ಗಾಳಿಯಿಲ್ಲ, ಘರ್ಷಣೆಯಿಲ್ಲ. ಸೂರ್ಯನೂ ನಿಂತಿಲ್ಲ. ಸುತ್ತಲ ನಕ್ಷತ್ರಗಳ ನಡುವೆ ಸೂರ್ಯ ಎತ್ತ ಸರಿಯುತ್ತಾನೆ ಅಂತ 1783ರಲ್ಲಿ ವಿಲಿಯಂ ಹರ್ಷೆಲ್ ತೋರಿಸಿದ. ಇಡೀ ಸೌರಮಂಡಲ ಆಕಾಶಗಂಗೆಯ ನಡುವಿನ ಸುತ್ತ ಸೆಕೆಂಡಿಗೆ 220-230 ಕಿ.ಮೀ. ಹೋಗ್ತದ, ಒಂದು ಸುತ್ತಿಗೆ 20 ಕೋಟಿ ವರ್ಷಕ್ಕೂ ಹೆಚ್ಚು.

ಮೆಕ್ಯಾನಿಕಲ್ ಬ್ರಾಂಚಿನ ಗೆಳೆಯರಿಗೆ ಒಂದು ಮಾತು. ಇದೇ ಗೋಲಾಧ್ಯಾಯದ ಯಂತ್ರಗಳ ಭಾಗದಲ್ಲಿ ಆಚಾರ್ಯರು ತಾನಾಗಿ ತಿರುಗುವ ಚಕ್ರವನ್ನು ವರ್ಣಿಸಿದ್ದಾರೆ: ಟೊಳ್ಳು ಅರಗಳು, ಅವುಗಳಲ್ಲಿ ಅರ್ಧ ಪಾದರಸ. ಅದು ತಿರುಗೋದಿಲ್ಲ, ಯಾಕೆ ಅಂತ ಎರಡನೇ ಸೆಮಿಸ್ಟರಿನವರೂ ಹೇಳ್ತಾರೆ. ಯಾರೂ ದೂಡದೆ ತಿರುಗುವ ಚಕ್ರ ಅವರ ಕಾಲಡಿಗೇ ಇತ್ತು, ಅದನ್ನು ಅವರು ನಿಲ್ಲಿಸಿಟ್ಟಿದ್ದರು. ಬೋರಗಾಂವದ ಅಕ್ಷಾಂಶದಲ್ಲಿ ನೆಲ ಪೂರ್ವಕ್ಕೆ ಸೆಕೆಂಡಿಗೆ ಸುಮಾರು 445 ಮೀಟರ್ ಓಡ್ತದ.

ಹಂಗಾದರೆ ಅವರ ಲೆಕ್ಕವೆಲ್ಲ ತಪ್ಪೇ? ಇಲ್ಲ. ಭೂಮಿ ಓಡಲಿ, ಸೂರ್ಯ ಓಡಲಿ, ನೆಲದಿಂದ ಕಾಣುವ ಕೋನ ಒಂದೇ. ಗ್ರಹದ ಆ ಕ್ಷಣದ ವೇಗಕ್ಕೆ ಅವರು ತಾತ್ಕಾಲಿಕ ಗತಿ ಅಂದರು. ಅದನ್ನು ತೆಗೆಯಲು ಜ್ಯಾದ ಸಣ್ಣ ಬದಲಾವಣೆ ಕೋಟಿಜ್ಯಾಕ್ಕೆ ತಕ್ಕಂತೆ ಇರ್ತದ ಅಂತ ಬಳಸಿದರು. ಸೈನ್‌ನ ಡಿರಿವೇಟಿವ್ ಕೊಸೈನ್ ಅನ್ನೋದರ ಅಂಚಿಗೆ ಬಂದಿದ್ದರು. ನಮ್ಮ ಕಣ್ಣಿಗೆ ಅವರ ದೊಡ್ಡ ಕೆಲಸ ಇದು, ಎಳೆತದ ಮಾತಲ್ಲ. ಊರಿನ ರೇಖಾಂಶಕ್ಕೆ ತಕ್ಕ ದೇಶಾಂತರ ತಿದ್ದುವಿಕೆಯೂ ಅವರ ಲೆಕ್ಕದಲ್ಲಿದೆ. ಅದರಂತೆ ವಿಜಯಪುರದಲ್ಲಿ ಹೊತ್ತು ಹುಟ್ಟಿದ ಸುಮಾರು 5 ನಿಮಿಷಕ್ಕೆ ಬೋರಗಾಂವದಲ್ಲಿ ಹುಟ್ತದ.

69ನೇ ವಯಸ್ಸಿನಲ್ಲಿ, 1183ರಲ್ಲಿ, ಪಂಚಾಂಗ ಮಾಡುವವರಿಗೆ ಸುಲಭವಾಗಲೆಂದು ಕರಣಕುತೂಹಲ ಬರೆದರು. ಸಿದ್ಧಾಂತಶಿರೋಮಣಿಯ ಲೆಕ್ಕದಲ್ಲಿ ಸೂರ್ಯ ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು 365.2584 ದಿನ. ಇವತ್ತಿನ ಅಳತೆ 365.2564. ದೂರದರ್ಶಕ ಇಲ್ಲದ ಕಾಲದಲ್ಲಿ, ವರ್ಷಕ್ಕೆ 3 ನಿಮಿಷದ ಫರಕು.